ಎಂಬಿಬಿಎಸ್‌ಗೆ ಅಡ್ಡದಾರಿ ಇಲ್ಲ, ಎರಡನೇ ಪದವಿಗೆ ಹಣವೂ ಸಲೀಸಲ್ಲ

ಮಾನ್ಯ ಸಂಪಾದಕರೇ,

ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನ), ಬಿಪಿಟಿ (ಫಿಸಿಯೋಥೆರಪಿ) ಓದಿದವರು ಎಂಬಿಬಿಎಸ್‌ನ ಎರಡನೇ ವರ್ಷಕ್ಕೇ ಸೇರಬಹುದೆಂಬ ನಂಬಿಕೆ ದಾವಣಗೆರೆಯ ಹಲವು ಹಾಸ್ಟೆಲ್‌ಗಳಲ್ಲಿದೆ. ಡಿಪ್ಲೊಮಾದವರು ಎಂಜಿನಿಯರಿಂಗ್‌ಗೆ ಹಾಗೆ ಸೇರುವುದನ್ನು ಕಂಡು ಹುಟ್ಟಿದ ಊಹೆ ಇದು. ವೈದ್ಯಕೀಯದಲ್ಲಿ ಇಂಥ ಲ್ಯಾಟರಲ್ ಎಂಟ್ರಿ ಇಲ್ಲ. ಅನಾಟಮಿ, ಫಿಸಿಯಾಲಜಿ ಪಾಸಾಗಿದ್ದರೂ ನೀಟ್ ಬರೆದು ಮೊದಲ ವರ್ಷದಿಂದಲೇ ಓದಬೇಕು: ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್.

ಗರಿಷ್ಠ ವಯೋಮಿತಿ ಈಗಿಲ್ಲ. ತೊಡಕಾಗುವುದು ಪಿಯು ಅಂಕ. ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ಶೇ 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಶೇ 40 ಇರಲೇಬೇಕು; ಪದವಿಯ ಡಿಸ್ಟಿಂಕ್ಷನ್ ಈ ಕೊರತೆ ತುಂಬುವುದಿಲ್ಲ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು ಎಂದು ಲ್ಯಾಬ್ ವಿದ್ಯಾರ್ಥಿಗಳು ನಿಶ್ಚಿಂತರಾಗಿರುತ್ತಾರೆ. ರಕ್ತದ ಗುಂಪು, ಹಾರ್ಮೋನು ಅವರಿಗೆ ನೀರು ಕುಡಿದಷ್ಟು ಸುಲಭ. ಕೈಕೊಡುವುದು ಸಸ್ಯಶಾಸ್ತ್ರ, ಪರಿಸರ ವಿಜ್ಞಾನ ಮತ್ತು ಪಿಯು ನಂತರ ಮುಟ್ಟದೇ ಬಿಟ್ಟ ಭೌತಶಾಸ್ತ್ರದ 180 ಅಂಕ.

ಇನ್ನು ಹಣದ ಮಾತು. ಒಂದು ಹಂತ ಮುಗಿಸಿ ಅದೇ ಹಂತದ ಬೇರೆ ಕೋರ್ಸ್ ಹಿಡಿದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲವೆಂಬುದು ಹಳೆಯ ನಿಯಮ, ಬಿ.ಎ. ನಂತರದ ಬಿ.ಕಾಂ. ಅದರ ಮಾದರಿ ಉದಾಹರಣೆ. ಎಂಬಿಬಿಎಸ್ ಕೂಡ ಪದವಿಯೇ ಆದ್ದರಿಂದ ಅರ್ಜಿ ಇಲ್ಲೇ ಸಿಕ್ಕಿಬೀಳಬಹುದು. ಶಿಕ್ಷಣ ಸಾಲಕ್ಕೆ ಕೇಂದ್ರ ಕೊಡುವ ಬಡ್ಡಿ ಸಹಾಯಧನ (ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗೆ) ಕೂಡ ಒಮ್ಮೆ ಮಾತ್ರ, ಪದವಿ ಹಂತದಲ್ಲಾದರೆ ಮೊದಲ ಪದವಿಗಷ್ಟೇ. ರಾಜ್ಯದ ನಿಗಮಗಳ ‘ಅರಿವು’ ಯೋಜನೆ ಕೊಡುವುದು ಸಾಲ, ವಿದ್ಯಾರ್ಥಿವೇತನವಲ್ಲ. ಹಳೆಯ ಪದವಿ ಮುಚ್ಚಿಟ್ಟು ಅರ್ಜಿ ಹಾಕುವ ಸಾಹಸ ಬೇಡ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ (ಎಸ್‌ಎಸ್‌ಪಿ) ಅರ್ಜಿಗಳು ಆಧಾರ್‌ಗೆ ಜೋಡಣೆಯಾಗಿವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿಗೆ, ಅಂದರೆ ಕಾಲೇಜುಗಳ ಆಯ್ಕೆ ಪಟ್ಟಿ ತುಂಬುವುದಕ್ಕೆ ಮುಂಚೆಯೇ, ವಿದ್ಯಾರ್ಥಿವೇತನಕ್ಕೆ ಅರ್ಹರೇ ಎಂದು ಸಮಾಜ ಕಲ್ಯಾಣ ಅಥವಾ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ.

ಹಾಗಾಗಿ ಡಾಕ್ಟರಾಗುವ ಮನಸ್ಸಿದ್ದರೆ ಪದವಿ ಮುಗಿಯುವವರೆಗೆ ಕಾಯದೆ ಮೊದಲ ವರ್ಷದಲ್ಲೇ ತೀರ್ಮಾನಿಸುವುದು ಒಳ್ಳೆಯದು. ಅಲ್ಲೂ ಒಂದು ಗಂಟಿದೆ: ಮೂಲ ಅಂಕಪಟ್ಟಿ, ಟಿಸಿ ಕಾಲೇಜಿನಲ್ಲಿರುತ್ತವೆ, ಉಳಿದ ವರ್ಷಗಳ ಶುಲ್ಕ ಕಟ್ಟದೆ ಕೆಲವು ಕಾಲೇಜುಗಳು ಅವನ್ನು ಕೊಡುವುದಿಲ್ಲ. ಸೀಟು ಸಿಕ್ಕ ಮೇಲೆ ವರದಿ ಮಾಡಿಕೊಳ್ಳಲು ಕೆಲವೇ ದಿನ ಇರುತ್ತದೆ, ಆಗ ಜಗಳಕ್ಕೆ ಪುರುಸೊತ್ತೆಲ್ಲಿ? ಸೇರುವಾಗಲೇ ಕೋರ್ಸ್ ಬಿಡುವ ಷರತ್ತನ್ನು ಓದಿಕೊಳ್ಳಿ.

ಆಪ್ಷನ್ ತುಂಬುವಾಗ ಸರ್ಕಾರಿ ಕಾಲೇಜುಗಳು ಮೇಲಿರಲಿ. ಚಿತ್ರದುರ್ಗದಲ್ಲಿ 2023ರಿಂದ 150 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ದಾವಣಗೆರೆಯಲ್ಲಿರುವ ಎರಡೂ ಖಾಸಗಿ. ವಿದ್ಯಾರ್ಥಿವೇತನ ಮಂಜೂರಾದರೂ ಹಣ ಬರದಿದ್ದರೆ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿ, ಡಿಬಿಟಿ (ನೇರ ನಗದು ವರ್ಗಾವಣೆ) ಹಣ ಅಲ್ಲಿಗೇ ಹೋಗುತ್ತದೆ.

‘ಈಗಾಗಲೇ ಪದವೀಧರರೇ?’ ಎಂದು ಎಸ್‌ಎಸ್‌ಪಿ ಮೊದಲ ಪುಟದಲ್ಲೇ ಕೇಳಿ, ಯಾವ ಯೋಜನೆ ಸಿಗುತ್ತದೆ, ಯಾವುದು ಇಲ್ಲ ಎಂದು ಅಲ್ಲೇ ತಿಳಿಸಲಿ. ಶುಲ್ಕ ಕಟ್ಟಿದ ಮೇಲೆ ‘ಅನರ್ಹ’ ಎಂದು ತಿಳಿದರೆ ಸೀಟು ಬಿಡುವುದೂ ಕಷ್ಟ, ಉಳಿಸಿಕೊಳ್ಳುವುದೂ ಕಷ್ಟ.

— ಅರೆವೈದ್ಯಕೀಯ ಉಪನ್ಯಾಸಕರು, ದಾವಣಗೆರೆ