ಬೆಲ್ಟ್ ಬದಲಿಸುವ ಮೊದಲು ಪುಲ್ಲಿ ನೋಡಿ

ಮಾನ್ಯ ಸಂಪಾದಕರೇ,

ಮುಂಬಯಿಯ ಟ್ರಾಫಿಕ್‌ನಲ್ಲಿ ತೆವಳುವ ಹಳೆಯ ಸ್ಪೋರ್ಟ್ಸ್ ಕಾರಿನ ಬೆಲ್ಟ್ ಕಿರುಚಿದರೆ ಬೆಲ್ಟನ್ನಷ್ಟೇ ಬದಲಿಸಿ ಕಳಿಸುವುದು ರೂಢಿ. ರೋಗ ಎಷ್ಟೋ ಸಲ ಕ್ರ್ಯಾಂಕ್ ಪುಲ್ಲಿಯಲ್ಲಿ, ಅಂದರೆ ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಯಲ್ಲಿದ್ದು ಬೆಲ್ಟ್ ತಿರುಗಿಸುವ ಗಾಲಿಯಲ್ಲಿರುತ್ತದೆ. ಅದರ ಒಳಗಿನ ನಡುಭಾಗವಾದ ಹಬ್‌ಗೂ ಹೊರಗಿನ ಬಳೆಗೂ ನಡುವಿನ ರಬ್ಬರ್ ಬಿಸಿಗೆ, ಸೋರುವ ಆಯಿಲ್‌ಗೆ ಹಾಳಾಗಿ ಬಳೆ ಜಾರುತ್ತದೆ. ಎಂಜಿನ್ ನಿಲ್ಲಿಸಿ, ಎರಡರ ಮೇಲೂ ಹಾಯುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನಾಲ್ಕು ದಿನ ಓಡಿಸಿದ ಮೇಲೆ ಗೆರೆ ತುಂಡಾಗಿ ಸರಿದಿದ್ದರೆ ಪುಲ್ಲಿಯ ಕಥೆ ಮುಗಿಯಿತು. ಕಿಡಿ ಹಾರುವ ಸಮಯ ಹೊಂದಿಸಲು ನೋಡುವ ಟೈಮಿಂಗ್ ಗುರುತು ಆ ಬಳೆಯ ಮೇಲಿದ್ದರೆ ಅದನ್ನೂ ನಂಬುವಂತಿಲ್ಲ.

ಬಿಚ್ಚಲು ಸುತ್ತಿಗೆ ಬೇಡ. ಹೊರಬಳೆಗೆ ಕೊಕ್ಕೆ ಹಾಕಿ ಎಳೆಯಲೂಬೇಡಿ. ಹಬ್‌ನ ತೂತುಗಳಿಗೆ ಬೋಲ್ಟ್ ಕೂರುವ ಪುಲ್ಲರ್ (ಎಳೆದು ಕಳಚುವ ಸಾಧನ) ಬಳಸಿ. ಎಂಜಿನ್ನಿನ ಮುಂಬದಿಯಲ್ಲಿ ಆಯಿಲ್ ಸೋರದಂತೆ ತಡೆಯುವ ಸೀಲನ್ನೂ ಆಗಲೇ ಬದಲಿಸುವುದು ಲೇಸು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಪುಲ್ಲಿಯ ರಬ್ಬರಿಗೂ ಹೆಚ್ಚುಕಡಿಮೆ ನಿಮ್ಮ ಹಳೆಯದರಷ್ಟೇ ವಯಸ್ಸು! ರಬ್ಬರಿಲ್ಲದ ಅಲ್ಯೂಮಿನಿಯಂ ಪುಲ್ಲಿ ಹಗುರ, ನಿಜ. ಆದರೆ ರಬ್ಬರ್ ತಗ್ಗಿಸುವ ಕ್ರ್ಯಾಂಕಿನ ತಿರುಚು ಕಂಪನವನ್ನು ಅದು ತಡೆಯದು.

— ಗ್ಯಾರೇಜ್ ಗೆಳೆಯರು, ಕುರ್ಲಾ, ಮುಂಬಯಿ