ಹಳೆಯ ಇಂಗ್ಲೆಂಡಿನ ರೈತರ ಮದುವೆ: ದಾಖಲೆ ಹೇಳುವುದೇ ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಹಿಂದಿನ ಕಾಲದಲ್ಲಿ ಅಲ್ಲಿನ ರೈತರ ಮನೆಯ ಹೆಣ್ಣುಮಕ್ಕಳಿಗೆ 12-13 ವರ್ಷಕ್ಕೇ ಮದುವೆ ಆಗುತ್ತಿತ್ತು ಅನ್ನುವ ಮಾತು ಮಾತ್ರ ತಪ್ಪು. ಅದೇ ಹಳ್ಳಿಗಳ ಚರ್ಚುಗಳಲ್ಲಿ ಬರೆದಿಟ್ಟ ಮದುವೆ ಪುಸ್ತಕಗಳು ಬೇರೆಯದನ್ನೇ ಹೇಳುತ್ತವೆ.

ಈ ತಪ್ಪು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ಹುಡುಗಿಗೆ 12, ಹುಡುಗನಿಗೆ 14 ಆಗಿದ್ದರೆ ಮದುವೆ ಊರ್ಜಿತ ಅಂತ ಅಲ್ಲಿನ ಕಾನೂನೇ ಹೇಳುತ್ತಿತ್ತು. 1929ರಲ್ಲಷ್ಟೇ ಅದನ್ನು 16ಕ್ಕೆ ಏರಿಸಿದರು. ರಾಜಮನೆತನಗಳಲ್ಲಿ ಎಳೆ ಮಕ್ಕಳ ಮದುವೆ ನಡೆದದ್ದೂ ಉಂಟು. ಆದರೆ ಕಾನೂನು ಬಿಟ್ಟಿತು ಅಂದ ಮಾತ್ರಕ್ಕೆ ಊರ ಜನ ಹಾಗೇ ಮಾಡಿದರು ಅಂತಲ್ಲವಲ್ಲ.

ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಒಂದು ಆದೇಶ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ವಲಯದಲ್ಲೂ, ದೀಕ್ಷಾಸ್ನಾನ (ಹುಟ್ಟಿದ ಮಗುವಿಗೆ ಚರ್ಚಿನಲ್ಲಿ ಮಾಡುವ ಸಂಸ್ಕಾರ), ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಪಾದ್ರಿ ವಾರಕ್ಕೊಮ್ಮೆ ಬರೆದಿಡಬೇಕು. ಪುಸ್ತಕ ಎರಡು ಬೀಗದ ಪೆಟ್ಟಿಗೆಯಲ್ಲಿರಬೇಕು, ಒಂದು ಕೀಲಿ ಪಾದ್ರಿಯ ಬಳಿ, ಇನ್ನೊಂದು ಚರ್ಚಿನ ಮೇಲ್ವಿಚಾರಕರ ಬಳಿ. ಡೆವನ್ ಜಿಲ್ಲೆಯ ಕಾಲಿಟನ್ ಎಂಬ ಪ್ಯಾರಿಷ್‌ನ ದಾಖಲೆ ಆ ವರ್ಷದಿಂದಲೇ ಶುರುವಾಗುತ್ತದೆ. ಹೆಚ್ಚು ಲೋಪವಿಲ್ಲದೆ ಉಳಿದೂ ಬಂದಿದೆ.

ಹಳೆಯ ಪುಸ್ತಕಗಳಲ್ಲಿ ವಧುವರರ ವಯಸ್ಸು ಬರೆಯುವ ರೂಢಿ ಇರಲಿಲ್ಲ. ಹಾಗಾಗಿ ಇತಿಹಾಸಕಾರ ಟೋನಿ ರಿಗ್ಲಿ ಒಬ್ಬೊಬ್ಬರ ಮದುವೆಯ ದಿನಕ್ಕೆ ಅದೇ ಹೆಸರಿನ ದೀಕ್ಷಾಸ್ನಾನದ ದಿನವನ್ನು ತಾಳೆ ಹಾಕಿ ಕುಟುಂಬ ಕುಟುಂಬವನ್ನೇ ಜೋಡಿಸಿದರು. ಎಂಥ ತಾಳ್ಮೆಯ ಕೆಲಸ ನೋಡಿ! 1966ರಲ್ಲಿ ಅವರು ಕಾಲಿಟನ್ ಲೆಕ್ಕ ಪ್ರಕಟಿಸಿದರು. ಅಲ್ಲಿ 16ನೇ ಶತಮಾನದ ಕೊನೆಯ ಹೊತ್ತಿಗೆ ಹೆಣ್ಣುಮಕ್ಕಳು ಮೊದಲ ಮದುವೆಯಾಗುತ್ತಿದ್ದದ್ದು ಸರಾಸರಿ ಸುಮಾರು 27ಕ್ಕೆ. 17ನೇ ಶತಮಾನದ ಕೊನೆಗೆ ಅದು 30ರ ಹತ್ತಿರ ಹೋಗಿತ್ತು. ಕಾಲಿಟನ್ ಒಂದೇ ಹೀಗಲ್ಲ. ಮುಂದೆ ಬೇರೆ ಪ್ಯಾರಿಷ್‌ಗಳ ಲೆಕ್ಕ ಹಾಕಿದಾಗಲೂ ಸರಾಸರಿ ಇಪ್ಪತ್ತಕ್ಕಿಂತ ಸಾಕಷ್ಟು ಮೇಲೆಯೇ ಇತ್ತು.

ಯಾಕೆ ಇಷ್ಟು ತಡ? ಉತ್ತರ ಹೊಲದಲ್ಲೇ ಇದೆ. ಹದಿಹರೆಯದ ಹುಡುಗ ಹುಡುಗಿಯರು ಬೇರೆ ರೈತರ ಮನೆಯಲ್ಲಿ ವರ್ಷದ ಲೆಕ್ಕಕ್ಕೆ ಸಂಬಳದಾಳಾಗಿ ಸೇರುತ್ತಿದ್ದರು. ಊಟ, ವಸತಿ ಅಲ್ಲೇ. ಮದುವೆಯಾದವರು ಅಪ್ಪ ಅಮ್ಮನ ಜೊತೆ ಇರುವುದು ಕಡಿಮೆ, ಬೇರೆ ಮನೆಯನ್ನೇ ಹೂಡಬೇಕು. ಪಾತ್ರೆ ಪಡಗ, ಹಾಸಿಗೆ, ಸಾಧ್ಯವಾದರೆ ಒಂದು ಹಸು, ಇಷ್ಟಕ್ಕೆ ದುಡ್ಡು ಕೂಡಿಸುವಷ್ಟರಲ್ಲಿ ಹತ್ತು ವರ್ಷ ಕಳೆದೇ ಹೋಗುತ್ತಿತ್ತು.

ಮದುವೆಯ ತಿಂಗಳನ್ನು ನೋಡಿದರೂ ಇದು ಗೊತ್ತಾಗುತ್ತದೆ. ಗೋಧಿ, ಬಾರ್ಲಿ ಬೆಳೆಯುವ ಪೂರ್ವದ ಊರುಗಳಲ್ಲಿ ಮದುವೆಗಳು ಜಾಸ್ತಿ ನಡೆದದ್ದು ಅಕ್ಟೋಬರ್ ಸುಮಾರಿಗೆ. ಸುಗ್ಗಿ ಮುಗಿದು, ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬಕ್ಕೆ ಆಳುಗಳ ವರ್ಷದ ಕರಾರೂ ಮುಗಿದು, ಸಂಬಳ ಕೈಗೆ ಬರುವ ಹೊತ್ತು ಅದು. ದನ, ಕುರಿ ಸಾಕುವ ಪಶ್ಚಿಮದ ಊರುಗಳಲ್ಲಿ ಕುರಿಗಳು ಮರಿ ಹಾಕಿ ಮುಗಿದ ಮೇಲೆ ವಸಂತದಲ್ಲಿ ಓಲಗ. ಆನ್ ಕಸ್‌ಮಾಲ್ ಎಂಬ ಇತಿಹಾಸಕಾರ್ತಿ ಯಾವ ಊರು ಯಾವಾಗ ಬೆಳೆ ಬಿಟ್ಟು ದನದ ಕಡೆ ತಿರುಗಿತು ಅನ್ನುವುದನ್ನು ಈ ಮದುವೆ ತಿಂಗಳುಗಳಿಂದಲೇ ಪತ್ತೆ ಹಚ್ಚಿದರು.

1754ರ ಮಾರ್ಚ್‌ನಿಂದ ಹೊಸ ಕಾನೂನು ಬಂತು. ವಧು, ವರ, ಇಬ್ಬರು ಸಾಕ್ಷಿಗಳು ಎಲ್ಲರೂ ಸಹಿ ಹಾಕಬೇಕಾಯಿತು. ಆ ಪುಟಗಳನ್ನು ನೋಡುವಾಗ ನನಗೆ ಕರುಳು ಚುರ್ ಅನ್ನುತ್ತದೆ. ಹೆಸರನ್ನು ಪಾದ್ರಿ ದುಂಡಗೆ ಬರೆದಿರುತ್ತಾನೆ. ನಡುವೆ ಮದುಮಗಳು ತಾನೇ ಗೀಚಿದ ಒಂದು ಸೊಟ್ಟ ಕತ್ತರಿ ಗುರುತು ಇರುತ್ತದೆ, ಲೇಖನಿ ಹಿಡಿದು ಅಭ್ಯಾಸವಿಲ್ಲದ ಕೈಯದು. 1840ರ ಹೊತ್ತಿಗೂ ಸುಮಾರು ಅರ್ಧದಷ್ಟು ಮದುಮಗಳಂದಿರು, ಮೂರರಲ್ಲಿ ಒಂದು ಪಾಲು ಮದುಮಗಂದಿರು ಹೀಗೆ ಗುರುತು ಹಾಕಿದವರೇ. 1837ರಿಂದ ಇಬ್ಬರ ತಂದೆಯ ಹೆಸರು, ಕಸುಬು ಬರೆಯಲು ಶುರುಮಾಡಿದರು. ತಾಯಿಯ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ 4ಕ್ಕೆ! ಇದು ನಿಜಕ್ಕೂ ಅನ್ಯಾಯ.

ಆ ಲೇಖನದ ಮಾತನ್ನು ಶಾಲೆಯ ಮಕ್ಕಳು ಹಾಗೇ ಬರೆದುಕೊಳ್ಳುತ್ತಾರೆ ಅನ್ನುವುದೇ ನನ್ನ ಚಿಂತೆ. ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಕಾನೂನಿನ ವಯಸ್ಸು 12 ಇತ್ತು, ಕೂಲಿ ಮಾಡುವವರ, ಉಳುವವರ ಮನೆಯಲ್ಲಿ ನಡೆದದ್ದು ಬೇರೆ ಎಂದು ಎರಡು ಸಾಲು ಸಾಕು.

ಇಂತಿ,
ನಿವೃತ್ತ ಇತಿಹಾಸ ಅಧ್ಯಾಪಕಿ, ಶಿವಮೊಗ್ಗ