ಬೆಳಕಿನ ಸೆನ್ಸರ್ ನಮ್ಮ ಬಿಸಿಲನ್ನೂ ತಾಳಬೇಕಲ್ವಾ?

ಮಾನ್ಯ ಸಂಪಾದಕರೇ,

ಒಂದು ಹನಿ ರಕ್ತದ ಮೇಲೆ ಬೆಳಕು ಬಿಟ್ಟು ನಿಮಿಷಗಳಲ್ಲಿ ರಿಪೋರ್ಟ್ ಕೊಡುವ ಸೆನ್ಸರ್‌ಗಳ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಯಾದಗಿರಿ ಜಿಲ್ಲೆಯವರಿಗೆ ಇದು ಸುಮ್ನೆ ಓದಿ ಮರೆಯುವ ಸುದ್ದಿಯಲ್ಲ. ಸುರಪುರ, ಶಹಾಪುರದ ಕಡೆಯವರು ಸ್ವಲ್ಪ ದೊಡ್ಡ ಪರೀಕ್ಷೆ ಅಂದರೆ ಕೂಲಿ ಬಿಟ್ಟು ಕಲಬುರಗಿ ಬಸ್ ಹತ್ತುತ್ತಾರೆ, ರಿಪೋರ್ಟಿಗೆ ಇನ್ನೊಮ್ಮೆ ಹೋಗುತ್ತಾರೆ.

ವಿದ್ಯೆ ಹೊಸದೇನಲ್ಲ. 1983ರಲ್ಲೇ ಸ್ವೀಡನ್ನಿನ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದರು. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ, ಅಂದರೆ ಕೂದಲಿಗಿಂತ ಎಷ್ಟೋ ತೆಳುವಾದ ಚಿನ್ನದ ಪದರ, ಅದರ ಮೇಲೆ ನಮಗೆ ಬೇಕಾದ ಅಂಶವನ್ನಷ್ಟೇ ಹಿಡಿಯುವ ಆಂಟಿಬಾಡಿ. ರಕ್ತದಲ್ಲಿನ ಆ ಅಂಶ ಅಲ್ಲಿ ಬಂದು ಕೂತರೆ ಚಿನ್ನ ಬೆಳಕನ್ನು ಹೀರುವ ಕೋನ ಒಂಚೂರು ಸರಿಯುತ್ತದೆ, ಎಷ್ಟು ಸರಿಯಿತು ಅನ್ನುವುದರಿಂದ ಪ್ರಮಾಣ ಗೊತ್ತಾಗುತ್ತದೆ. ಆ ಅಂಶವನ್ನು ಗುರುತಿಸಲು ಬಣ್ಣ ಹಾಕುವ ಕೆಲಸವೇ ಇಲ್ಲ.

ತೊಡಕು ಇರುವುದೂ ಅಲ್ಲೇ. ರಕ್ತದ ಬೇರೆ ಪ್ರೋಟೀನ್‌ಗಳೂ ಆ ಚಿನ್ನಕ್ಕೆ ಅಂಟಿಕೊಂಡು ಸುಳ್ಳು ಲೆಕ್ಕ ತೋರಿಸಬಹುದು. ಕಾವು ಸ್ವಲ್ಪ ಏರಿಳಿದರೂ ಅಂಕಿ ಬದಲಾಗುತ್ತದೆ. ಎಸಿ ಲ್ಯಾಬಿನಲ್ಲಿ ಸರಿ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ, ಅದೂ ಕರೆಂಟ್ ಹೋದಾಗ?

ಹಾಗಾಗಿ ಆರೋಗ್ಯ ಇಲಾಖೆಯವರು ಇಂಥ ಯಂತ್ರ ಕೊಳ್ಳುವ ಮೊದಲು ಇಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲೇ ಒಂದು ಬೇಸಿಗೆ ಇಟ್ಟು, ಲ್ಯಾಬ್ ರಿಪೋರ್ಟಿನ ಜೊತೆ ತಾಳೆ ನೋಡಲಿ. ಅಲ್ಲಿಯವರೆಗೆ, ಬೆಳಕಿನಿಂದಲೇ ಹಿಮೋಗ್ಲೋಬಿನ್ ಅಳೆಯುವ ಚಿಕ್ಕ ಮೀಟರ್‌ಗಳು ಹೇಗೂ ಇವೆ. ಅವು ಪ್ರತಿ ಆರೋಗ್ಯ ಉಪಕೇಂದ್ರದಲ್ಲೂ, ರಕ್ತದ ಹನಿ ಹಾಕುವ ಸ್ಟ್ರಿಪ್ ಸಮೇತ, ಗರ್ಭಿಣಿಯರಿಗೆ ಸಿಗುವಂತೆ ಮಾಡಲಿ.

– ಒಬ್ಬ ಓದುಗ, ಶಹಾಪುರ